ಯಾವ ‘ಬೇಕು’, ಯಾವ ‘ಬಹುದು’?

ತರ್ಕಶಾಸ್ತ್ರದ ಮೊದಲ ಕ್ಲಾಸಿನಲ್ಲಿ ನಾನು ಬೋರ್ಡಿನ ಮೇಲೆ ಒಂದೇ ವಾಕ್ಯ ಬರೆಯುತ್ತೇನೆ: ‘ರವಿ ಮನೆಯಲ್ಲಿ ಇರಬೇಕು.’ ಅರ್ಥ ಕೇಳಿದರೆ ಕ್ಲಾಸು ಎರಡು ಪಾಲಾಗುತ್ತದೆ. ‘ಲೈಟ್ ಉರೀತಿದೆ, ಚಪ್ಪಲಿ ಬಾಗಿಲಲ್ಲೇ ಇದೆ, ಒಳಗೇ ಇರಬೇಕು’ ಅನ್ನುವವರು ಕೆಲವರು. ‘ಏಳು ಗಂಟೆಯೊಳಗೆ ಮನೆಯಲ್ಲಿ ಇರಬೇಕು ಅಂತ ಅವರಪ್ಪ ಹೇಳಿದ್ದಾರೆ’ ಅನ್ನುವವರು ಉಳಿದವರು.

ಈಗ ರವಿ ಮನೆಯಲ್ಲಿಲ್ಲ ಅಂದುಕೊಳ್ಳಿ. ಮೊದಲನೆಯವರ ಮಾತೇ ತಪ್ಪಾಯಿತು. ಆದರೆ ಅಪ್ಪನ ಮಾತು ಹಾಗೇ ನಿಂತಿದೆ, ತಪ್ಪಿದ್ದು ರವಿ. ಈ ವ್ಯತ್ಯಾಸ ಕೈಗೆ ಸಿಕ್ಕರೆ ಮೋಡಲ್ ಲಾಜಿಕ್, ಅಂದರೆ ‘ಬೇಕು’, ‘ಬಹುದು’ಗಳ ತರ್ಕಶಾಸ್ತ್ರ, ಅರ್ಧ ಬಂದಂತೆ ಅಂತ ನಾನು ನಂಬಿದ್ದೇನೆ.

ಆ ಶಾಸ್ತ್ರದಲ್ಲಿ ‘ಬೇಕು’ಗೆ ಒಂದು ಚೌಕ, ‘ಬಹುದು’ಗೆ ಒಂದು ವಜ್ರದ ಗುರುತು. ಎಲ್ಲ ಬಗೆಯ ‘ಬೇಕು’ಗೂ ಗುರುತು ಒಂದೇ ಆದರೂ ನಿಯಮಗಳು ಬೇರೆ. ‘ಆಗಲೇಬೇಕಾದ್ದು ಆಗಿಯೇ ಇರುತ್ತದೆ’ ಅನ್ನುವ ನಿಯಮಕ್ಕೆ ‘ಟಿ’ ಅಂತ ಹೆಸರು. ಗಣಿತದ ‘ಬೇಕು’ಗೆ ಅದು ಒಪ್ಪುತ್ತದೆ. ಕರ್ತವ್ಯದ ‘ಬೇಕು’ಗೆ ಒಪ್ಪುವುದಿಲ್ಲ. ಸಾಲ ತೀರಿಸಬೇಕು ಅಂದಮಾತ್ರಕ್ಕೆ ಸಾಲ ತೀರಿಬಿಡುತ್ತದೆಯೇ? ಫಿನ್ಲೆಂಡಿನ ತತ್ತ್ವಶಾಸ್ತ್ರಜ್ಞ ಫಾನ್ ರೈಟ್ 1951ರಲ್ಲಿ ಕರ್ತವ್ಯದ ತರ್ಕವನ್ನು ಬೇರೆಯಾಗಿಯೇ ಕಟ್ಟಿದರು. ಮುಂದೆ ಅಮೆರಿಕದ ತರ್ಕಶಾಸ್ತ್ರಜ್ಞ ಸಾಲ್ ಕ್ರಿಪ್ಕಿ ಕೊಟ್ಟ ‘ಸಾಧ್ಯ ಲೋಕ’ಗಳ, ಅಂದರೆ ನಮ್ಮ ಲೋಕ ಹೇಗೆಲ್ಲ ಇದ್ದಿರಬಹುದಿತ್ತೋ ಅವುಗಳ, ಲೆಕ್ಕದಿಂದ ಕಾರಣವೂ ಕಣ್ಣಿಗೆ ಕಾಣುವಂತಾಯಿತು. ಎಲ್ಲರೂ ಸಾಲ ತೀರಿಸಿರುವ ಲೋಕಗಳನ್ನೆಲ್ಲ ಒಂದು ಕಡೆ ಸೇರಿಸಿದರೆ, ಆ ಗುಂಪಿನಲ್ಲಿ ನಮ್ಮ ಲೋಕ ಇರಲೇಬೇಕು ಅಂತೇನಿಲ್ಲ.

‘ಬಹುದು’ ಇನ್ನೂ ಜಾಸ್ತಿ ಕಾಡುತ್ತದೆ. 2ಕ್ಕಿಂತ ದೊಡ್ಡ ಯಾವ ಸಮಸಂಖ್ಯೆಯೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಅನ್ನುವ ಊಹೆ ಇದೆ. 28 ಅಂದರೆ 5 + 23, ಹೀಗೆ. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಬರೆದ ಪತ್ರದಿಂದ ಹುಟ್ಟಿದ್ದು, ಇಂದಿಗೂ ಯಾರೂ ಸಾಧಿಸಿ ತೋರಿಸಿಲ್ಲ. ‘ನಿಜ ಇರಬಹುದು, ಸುಳ್ಳೂ ಇರಬಹುದು’ ಅಂತೀವಿ. ಆ ‘ಬಹುದು’ ಇರುವುದು ನಮಗೆ ಗೊತ್ತಿಲ್ಲದಿರುವುದರಲ್ಲಿ, ಸಂಖ್ಯೆಗಳಲ್ಲಲ್ಲ. ಊಹೆ ನಿಜವಾಗಿದ್ದರೆ ಅದು ಸುಳ್ಳಾಗಲು ದಾರಿಯೇ ಇರಲಿಲ್ಲ.

ಬೆಳಕನ್ನು ಹಿಂದೆ ಹಾಕಿ ಓಡುವ ರೈಲಿನದು ಇನ್ನೊಂದು ಬಗೆಯ ‘ಬಹುದು’. ಭೌತನಿಯಮ ಒಪ್ಪುವುದಿಲ್ಲ, ಆದರೂ ಆ ಮಾತು ತನ್ನನ್ನೇ ತಾನು ಹೊಡೆದುಕೊಳ್ಳುವುದಿಲ್ಲ. ‘ಮೂರೇ ಮೂಲೆಯ ಚೌಕ’ ಹೊಡೆದುಕೊಳ್ಳುತ್ತದೆ.

ಇನ್ನು ‘ಇಲ್ಲ’ ಎಲ್ಲಿ ಕೂರುತ್ತದೆ ಅನ್ನುವುದು. ‘ಬೇಕು’ ಅನ್ನುವ ಆ ಚೌಕದ ಗುರುತಿನ ಹೊರಗೆ ಕೂತರೆ ‘ಬೇಕಾಗಿಲ್ಲ’, ಒಳಗೆ ಕೂತರೆ ‘ಬಾರದು’. ಒಮ್ಮೆ ಆಸ್ಪತ್ರೆಯೊಂದರಲ್ಲಿ ಡಾಕ್ಟರು ನಮ್ಮಮ್ಮನಿಗೆ ‘ಈ ಮಾತ್ರೆ ಇನ್ನು ತಗೋಬೇಕಾಗಿಲ್ಲ’ ಅಂದರು. ಡಾಕ್ಟರ ಮನಸ್ಸಿನಲ್ಲಿ ಇದ್ದದ್ದು ‘ತಗೋಬಾರದು’. ಹೊಸ ಮಾತ್ರೆಯ ಜೊತೆ ಅದು ಸೇರುವ ಹಾಗಿರಲಿಲ್ಲ. ಅಮ್ಮ ಮಾತನ್ನು ಸರಿಯಾಗಿಯೇ ಅರ್ಥ ಮಾಡಿಕೊಂಡಿದ್ದರು. ಉಳಿದದ್ದನ್ನು ಸುಮ್ನೆ ಯಾಕೆ ಎಸೆಯೋದು ಅಂತ ಎರಡು ದಿನ ನುಂಗಿದರು. ತಲೆ ಸುತ್ತಿ ಬಂದಮೇಲೇ ನನಗೆ ಫೋನ್ ಬಂದದ್ದು. ಆಮೇಲಿಂದ ಚೀಟಿ ಕೈಗೆ ಬಂದಾಗಲೆಲ್ಲ ನಾನು ಕೇಳಿಯೇ ಏಳುತ್ತೇನೆ: ‘ಡಾಕ್ಟ್ರೇ, ಬೇಕಾಗಿಲ್ಲವೋ, ಬಾರದೋ?’