ಕಾಳಿಯ ಅಳಿವೆಯಲ್ಲಿ ಸೇತುವೆಗೆ ಬರುವ ವಯಸ್ಸು

ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವಿನ ಹಳೆಯ ಕಾಳಿ ಸೇತುವೆ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ನದಿಗೆ ಕುಸಿಯಿತು. ಆಗ ಅದಕ್ಕೆ ನಲವತ್ತು ವರ್ಷ ದಾಟಿತ್ತು. ಅದರೊಡನೆ ಒಂದು ಲಾರಿಯೂ ನೀರಿಗೆ ಬಿದ್ದಿತು. ಚಾಲಕ ಬದುಕುಳಿದದ್ದು ದೊಡ್ಡ ಸಮಾಧಾನ. ಸದಾಶಿವಗಡದ ಕಡೆಯವರಿಗೆ ಜಿಲ್ಲಾ ಕೇಂದ್ರದ ಕಚೇರಿ, ಆಸ್ಪತ್ರೆ, ಕಾಲೇಜು, ಮೀನುಪೇಟೆಗಳನ್ನು ಹತ್ತಿರ ತಂದದ್ದು, ಗೋವಾ ರಸ್ತೆಯನ್ನು ಕರಾವಳಿಯ ಹೆದ್ದಾರಿಗೆ ಬೆಸೆದದ್ದು ಈ ಸೇತುವೆಯೇ. ಚತುಷ್ಪಥ ಕಾಮಗಾರಿಯಲ್ಲಿ ಪಕ್ಕದಲ್ಲೇ ಹೊಸ ಸೇತುವೆ ಬಂದ ಮೇಲೂ ಗೋವಾ ಕಡೆಯಿಂದ ಬರುವ ವಾಹನಗಳ ಭಾರವನ್ನು ಹಳೆಯದೇ ಹೊತ್ತಿತ್ತು.

ಕುಸಿತದ ಕಾರಣವನ್ನು ಹೇಳುವುದು ತನಿಖೆಯ ಕೆಲಸ. ಸೇತುವೆಗಳ ಪರಿಶೀಲನೆಯಲ್ಲಿ ತೊಡಗಿರುವ ಎಂಜಿನಿಯರನಾಗಿ ನಾನು ಹೇಳಬಯಸುವುದು, ಅಳಿವೆಯ, ಅಂದರೆ ನದಿ ಕಡಲು ಸೇರುವೆಡೆಯ, ಸೇತುವೆಗೆ ವಯಸ್ಸಾಗುವುದು ಡಾಂಬರಿನ ಮೇಲಲ್ಲ, ಅದರ ಅಡಿಯಲ್ಲಿ ಎಂಬುದನ್ನು. ಜೋಯಿಡಾದ ಕಾಡಿನಿಂದ ಸಿಹಿನೀರಾಗಿ ಹೊರಡುವ ಕಾಳಿ ಕೋಡಿಬಾಗದಲ್ಲಿ ಉಬ್ಬರದ ಉಪ್ಪುನೀರಿನೊಡನೆ ಬೆರೆಯುತ್ತದೆ. ಆ ಉಪ್ಪಿನ ಕ್ಲೋರೈಡ್ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳಲ್ಲಿ ಇಳಿದು, ಒಳಗಿನ ಕಬ್ಬಿಣದ ಸರಳುಗಳನ್ನು ಕಾಯುವ ತೆಳುಪದರವನ್ನು ಮುರಿಯುತ್ತದೆ. ಸರಳಿನ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಹಿಡಿದು, ಹೊದಿಕೆಯ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಸದಾ ನೀರಿನಲ್ಲಿ ಮುಳುಗಿರುವ ಭಾಗಕ್ಕೆ ಆಮ್ಲಜನಕ ಸಾಲದ ಕಾರಣ ಹಾನಿ ನಿಧಾನ. ಉಬ್ಬರ ಇಳಿತಗಳಲ್ಲಿ ದಿನವೂ ನೆನೆದು ಒಣಗುವ ಪಟ್ಟಿ ಮತ್ತು ಅಲೆ ಚಿಮ್ಮುವ ಎತ್ತರದಲ್ಲಿರುವ ಕಂಬದ ಭಾಗಗಳೇ ಹೆಚ್ಚು ಸೊರಗುತ್ತವೆ. ಮಳೆಗಾಲದ ರಭಸ ಕಂಬದ ಬುಡದ ಮರಳನ್ನು ಕೊರೆಯುವುದು ಇನ್ನೊಂದು ಚಿಂತೆ, ಮತ್ತು ಅದು ರಸ್ತೆಯಿಂದ ಕಾಣುವುದೇ ಇಲ್ಲ.

ಹೀಗಾಗಿ ಮಳೆಗಾಲಕ್ಕೆ ಮುನ್ನ ಮತ್ತು ನಂತರ ಇಳಿತದ ಹೊತ್ತಿನಲ್ಲಿ ದೋಣಿಯಿಂದ ಪ್ರತಿ ಕಂಬ, ರಸ್ತೆಯನ್ನು ಹೊರುವ ತೊಲೆಗಳಾದ ಗರ್ಡರ್, ಅವು ಕಂಬದ ಮೇಲೆ ಕೂರುವ ಆಧಾರಗಳಾದ ಬೇರಿಂಗುಗಳನ್ನು ನೋಡಬೇಕು, ಮುಳುಗುಗಾರರಿಂದ ಬುಡದ ಆಳವನ್ನು ಅಳೆಯಿಸಬೇಕು. ಕರಾವಳಿಯ ಯಾವುದೇ ಹಳೆಯ ಸೇತುವೆಯನ್ನು ತೆರವುಗೊಳಿಸುವಾಗ, ಬೇರೆ ಬೇರೆ ಎತ್ತರಗಳಿಂದ ಕಾಂಕ್ರೀಟಿನ ಕೊರೆಮಾದರಿಗಳನ್ನು ತೆಗೆದು ಕ್ಲೋರೈಡ್ ಎಷ್ಟು ಆಳಕ್ಕೆ ಇಳಿದಿದೆಯೆಂದು ಪರೀಕ್ಷಿಸುವುದೂ ಅಗತ್ಯ. ಗಂಗಾವಳಿ, ಅಘನಾಶಿನಿ, ಶರಾವತಿಗಳ ಅಳಿವೆಗಳಲ್ಲಿ ಇಂದು ವಾಹನ ಹೊರುತ್ತಿರುವ ಸೇತುವೆಗಳ ಉಳಿದ ಆಯುಷ್ಯವನ್ನು ಅಂದಾಜಿಸಲು ಅಂಥ ಅಳತೆಗಳು ನೇರವಾಗಿ ನೆರವಾಗುತ್ತವೆ.