ತೂಕದ ಮುಳ್ಳು ಕನ್ನಡಿಗೆ ಗಂಟುಬಿದ್ದ ಕತೆ

ಹದಿಹರೆಯದವರ ಒಂದು ಕಿವಿಗೆ ‘ತೂಕ ಇಳಿಸು’ ಅಂತ ಬೀಳುತ್ತದೆ, ಇನ್ನೊಂದು ಕಿವಿಗೆ ‘ತೂಕದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ’ ಅಂತ. ಎರಡಕ್ಕೂ ಕಾರಣ ಇದೆ. 1975ರಲ್ಲಿ ಜಗತ್ತಿನಲ್ಲಿ 5ರಿಂದ 19 ವರ್ಷದೊಳಗಿನ ಸುಮಾರು 1.1 ಕೋಟಿ ಮಕ್ಕಳಿಗೆ ಬೊಜ್ಜು ಇತ್ತು. 2016ರ ಹೊತ್ತಿಗೆ ಅದು 12.4 ಕೋಟಿ ಆಯಿತು. ಇತ್ತ ಬೊಜ್ಜೇ ಇಲ್ಲದವರೂ ಊಟ ಬಿಡುತ್ತಿದ್ದಾರೆ.

ಬಿಎಂಐ ಲೆಕ್ಕ ಗೊತ್ತಲ್ವಾ? ಕಿಲೋದಲ್ಲಿರುವ ತೂಕವನ್ನು ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ. 1830ರ ದಶಕದಲ್ಲಿ ಅದರ ಸೂತ್ರ ಕೊಟ್ಟ ಬೆಲ್ಜಿಯಂನ ಅಡಾಲ್ಫ್ ಕ್ವೆಟ್ಲೆ ವೈದ್ಯರಲ್ಲ, ಖಗೋಳ ಮತ್ತು ಅಂಕಿ-ಅಂಶದ ಮನುಷ್ಯ. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿಯನ್ನು. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಜೊತೆಗಾರರು ಅದಕ್ಕೆ ಈಗಿನ ಹೆಸರಿಟ್ಟರು. 25 ದಾಟಿದರೆ ತೂಕ ಜಾಸ್ತಿ ಅನ್ನುವ ದೊಡ್ಡವರ ಗೆರೆ ಮಕ್ಕಳಿಗೆ ಹೊಂದುವುದಿಲ್ಲ. ಹುಡುಗನೋ ಹುಡುಗಿಯೋ, ವಯಸ್ಸೆಷ್ಟು ಅಂತ ನೋಡಿ ಓದಬೇಕು. ಫೋನಿನಲ್ಲಿ ಸುಮ್ನೆ ಲೆಕ್ಕ ಹಾಕುವ ಮಕ್ಕಳಿಗೆ ಇದನ್ನು ಹೇಳುವವರು ಕಡಿಮೆ.

ಇನ್ನು ಕನ್ನಡಿಯ ಕಡೆ. ಫಿಜಿ ದ್ವೀಪಗಳಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ ಅನ್ನುತ್ತಿದ್ದರು. ಯಾರಾದರೂ ಸೊರಗಿದರೆ ಮನೆಯವರಿಗೆ ಚಿಂತೆ. 1995ರಲ್ಲಿ ಅಲ್ಲಿನ ನಡ್ರೋಗಾ ಪ್ರದೇಶಕ್ಕೆ ಟಿವಿ ಬಂತು. ಅದು ಬಂದ ಹೊಸತರಲ್ಲೇ ಆನ್ ಬೆಕರ್ ಎಂಬ ಸಂಶೋಧಕಿ ಶಾಲಾ ಹುಡುಗಿಯರನ್ನು ವಿಚಾರಿಸಿದರು. ತೂಕ ಇಳಿಸಲು ವಾಂತಿ ಮಾಡಿಕೊಳ್ಳುತ್ತೇನೆ ಅಂದವರು ಒಬ್ಬರೂ ಇರಲಿಲ್ಲ. 1998ರಲ್ಲಿ ಅದೇ ವಯಸ್ಸಿನ ಬೇರೆ ಹುಡುಗಿಯರನ್ನು ಕೇಳಿದಾಗ ಶೇ 11.3 ಮಂದಿ ಹೌದು ಅಂದರು. ಎರಡು ಸಲವೂ ಕೇಳಿದ್ದು ಅರವತ್ತು ಚಿಲ್ಲರೆ ಹುಡುಗಿಯರನ್ನಷ್ಟೇ. ಟಿವಿಯೊಂದೇ ಕಾರಣ ಅನ್ನಲಿಕ್ಕೂ ಆಗದು. ಆದರೆ ಅವರ ಮಾತಿನಲ್ಲಿ ಇನ್ನೊಂದು ಎಳೆ ಇತ್ತು. ಪರದೆಯಲ್ಲಿ ಕಂಡ ತೆಳ್ಳಗಿನ ಹೆಂಗಸರಿಗೆ ಕೆಲಸ ಇತ್ತು, ಕೈಯಲ್ಲಿ ದುಡ್ಡಿತ್ತು. ತೆಳ್ಳಗಾದರೆ ತಮಗೂ ಅದು ಸಿಕ್ಕೀತು ಅಂದುಕೊಂಡಿದ್ದರು. ಇದನ್ನು ಬರೀ ಅಂದದ ಹುಚ್ಚು ಅಂತ ತಳ್ಳಿಹಾಕುವವರು ಈ ಭಾಗವನ್ನು ಓದಿರುವುದಿಲ್ಲ.

ಹುಡುಗರೇನೂ ತಪ್ಪಿಸಿಕೊಂಡಿಲ್ಲ. ಎಷ್ಟು ಕಟ್ಟುಮಸ್ತಾದರೂ ಸಾಲದು ಅನ್ನಿಸುವ ತೊಂದರೆಗೆ 1997ರಲ್ಲಿ ವೈದ್ಯಕೀಯದಲ್ಲಿ ಹೆಸರು ಬಂತು. ಆಮೇಲೆ ಮುಂಗಡೆ ಕ್ಯಾಮೆರಾ, ಫಿಲ್ಟರ್. ಟಿವಿಯಲ್ಲಿ ಹೋಲಿಸಿಕೊಳ್ಳಲು ಯಾರೋ ನಟಿ ಇದ್ದಳು. ಈಗ ಪಕ್ಕದ ಬೆಂಚಿನವಳೇ ಇದ್ದಾಳೆ, ತನ್ನದೇ ತಿದ್ದಿದ ಮುಖವೂ ಇದೆ.

ಈ ಗಲಾಟೆಯ ನಡುವೆ ಮೈ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಈ ವಯಸ್ಸಿನಲ್ಲಿ ಹುಡುಗಿಯರ ಸೊಂಟ, ತೊಡೆಗೆ ಕೊಬ್ಬು ಕೂಡುವುದು ಸಹಜ. ಕೆಲವು ಮಕ್ಕಳಿಗೆ ಮೊದಲು ತೂಕ ಏರುತ್ತದೆ, ಎತ್ತರ ಆಮೇಲೆ ಬರುತ್ತದೆ. ‘ದಪ್ಪ ಆಗಿದ್ದೀಯಲ್ಲ’ ಅನ್ನುವ ಮಾತು ಜಾಸ್ತಿ ಬೀಳುವುದು ಆ ನಡುವಿನ ತಿಂಗಳುಗಳಲ್ಲೇ.