70 ಮೈಲಿ ವೇಗದಲ್ಲಿ ಅದುರುವ ಹೊಸ ಪಿಕಪ್: ಬಿಚ್ಚುವ ಮೊದಲು ಎಣಿಸಿ

ಸಂಜೆ ಆಟೋಮೋಟಿವ್ ಕ್ಲಾಸಿನಲ್ಲಿ ವೈಬ್ರೇಷನ್ ಪಾಠ ಶುರುವಾದ ವಾರವೇ ನನ್ನ ಹೊಸ ಪಿಕಪ್ ಕೂಡ ಅದುರುತ್ತಿತ್ತು. ಓಡಿದ್ದು ಇನ್ನೂ 900 ಮೈಲಿ ಆಗಿರಲಿಲ್ಲ. ನಾನಿರುವುದು ಟೆಕ್ಸಾಸಿನಲ್ಲಿ, ಇಲ್ಲಿ ಪಿಕಪ್ ಅಂದರೆ ಲಗೇಜ್ ಗಾಡಿಯಲ್ಲ, ಮನೆ ಕಾರು. ಆಸ್ಟಿನ್‌ನಿಂದ ದಕ್ಷಿಣಕ್ಕೆ ಹೋಗುವ 130ನೇ ನಂಬರಿನ ಟೋಲ್ ರಸ್ತೆಯ ಒಂದು ಭಾಗದಲ್ಲಿ ವೇಗದ ಮಿತಿಯೇ ಗಂಟೆಗೆ 85 ಮೈಲಿ. ಅಂಥ ರಸ್ತೆಯಲ್ಲಿ 55ರವರೆಗೆ ಗಾಡಿ ಬೆಣ್ಣೆ. 65 ದಾಟಿದರೆ ಸೀಟು, ನೆಲ, ಲೋಟದಲ್ಲಿಟ್ಟ ಕಾಫಿ ಎಲ್ಲ ಒಟ್ಟಿಗೆ ನಡುಗುತ್ತವೆ. 80ರ ಹತ್ತಿರ ಸ್ವಲ್ಪ ಕಡಿಮೆಯಾಗುತ್ತದೆ, ಅದೇ ವಿಚಿತ್ರ.

ಸರ್ವಿಸ್‌ನವರು ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಮಾಡಿದರು. ಮೂರನೇ ಸಲ ಹೋದಾಗ "ಪಿಕಪ್ ಅಂದರೆ ಸ್ವಲ್ಪ ಹೀಗೇ" ಎಂದು ಕಳಿಸಿದರು. ನನಗೆ ಸಿಟ್ಟು ಬಂತು, ಆದರೆ ಈಗ ನೋಡಿದರೆ ಅವರ ತಪ್ಪು ಬ್ಯಾಲೆನ್ಸಿಂಗ್ ಮಾಡಿದ್ದಲ್ಲ. ಏನು ಅದುರುತ್ತಿದೆ ಅಂತ ಎಣಿಸದೆ ಮಾಡಿದ್ದು. ನಾನೂ ಆಮೇಲೆ ಅಂಥದ್ದೇ ತಪ್ಪು ಮಾಡಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಸುತ್ತುವುದೆಲ್ಲ ತನ್ನ ಲೆಕ್ಕದಲ್ಲೇ ಅದುರುತ್ತದೆ

ಗಾಡಿಯಲ್ಲಿ ಸುತ್ತುವ ಭಾಗಗಳು ಮುಖ್ಯವಾಗಿ ಮೂರು ಗುಂಪು: ಚಕ್ರ, ಪ್ರೊಪೆಲ್ಲರ್ ಶಾಫ್ಟ್ (ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಉದ್ದನೆಯ ಕೊಳವೆ), ಎಂಜಿನ್. ಮೂರೂ ಬೇರೆ ಬೇರೆ ವೇಗದಲ್ಲಿ ಸುತ್ತುತ್ತವೆ. ಸೆಕೆಂಡಿಗೆ ಎಷ್ಟು ಸಲ ಅದುರುತ್ತಿದೆ ಅಂತ ಗೊತ್ತಾದರೆ ಕಳ್ಳ ಯಾವ ಗುಂಪಿನವನು ಅಂತ ಅರ್ಧ ಗೊತ್ತಾದ ಹಾಗೆ.

ನನ್ನ ಗಾಡಿಯ ಟೈರ್ 275/65 ಆರ್ 18. ಇದು ಒಂದು ಮೈಲಿಗೆ ಸುಮಾರು 650 ಸುತ್ತು ಸುತ್ತುತ್ತದೆ, ಟೈರ್ ಕಂಪನಿಯ ಪಟ್ಟಿಯಲ್ಲಿ ಈ ಅಂಕಿ ಇರುತ್ತದೆ. 70 ಮೈಲಿ ವೇಗಕ್ಕೆ 70ನ್ನು 650ರಿಂದ ಗುಣಿಸಿ 3600ರಿಂದ ಭಾಗಿಸಿ. 12.6 ಬಂತು. ಅಂದರೆ ಚಕ್ರ ಸೆಕೆಂಡಿಗೆ 12.6 ಸುತ್ತು, 12.6 ಹರ್ಟ್ಸ್. ಟೈರಿನಲ್ಲಿ ಒಂದು ಕಡೆ ಭಾರವೋ ಉಬ್ಬೋ ಇದ್ದರೆ ಸುತ್ತಿಗೆ ಒಂದು ಏಟು, ಅದಕ್ಕೆ ಫಸ್ಟ್ ಆರ್ಡರ್ ಅನ್ನುತ್ತಾರೆ. ಟೈರ್ ಮೊಟ್ಟೆ ಆಕಾರಕ್ಕೆ ಬಂದಿದ್ದರೆ ಸುತ್ತಿಗೆ ಎರಡು ಏಟು, ಅದು ಸೆಕೆಂಡ್ ಆರ್ಡರ್, 25 ಹರ್ಟ್ಸ್.

ಹಿಂದಿನ ಆಕ್ಸಲ್‌ನ ಅನುಪಾತ 3.55. ಚಕ್ರ ಒಂದು ಸುತ್ತು ಸುತ್ತಿದರೆ ಪ್ರೊಪೆಲ್ಲರ್ ಶಾಫ್ಟ್ ಮೂರೂವರೆ ಸುತ್ತಿಗಿಂತ ತುಸು ಜಾಸ್ತಿ. 12.6 ಗುಣಿಸು 3.55, ಹತ್ತಿರ ಹತ್ತಿರ 45 ಹರ್ಟ್ಸ್. ಶಾಫ್ಟಿನ ತುದಿಗಳಲ್ಲಿ ಅದು ಬಾಗಿ ಸುತ್ತಲು ಬಿಡುವ ಕೀಲುಗಳಿರುತ್ತವೆ, ಯು-ಜಾಯಿಂಟ್ ಅಂತ. ಈ ಯು-ಜಾಯಿಂಟ್‌ಗಳಿಗೆ ಒಂದು ಚಾಳಿ ಇದೆ: ಕೋನದಲ್ಲಿ ಸುತ್ತುವಾಗ ಪ್ರತಿ ಸುತ್ತಿಗೆ ಎರಡು ಸಲ ವೇಗ ಏರಿಸಿ ಇಳಿಸುತ್ತವೆ. ಹಾಗಾಗಿ ಜಾಯಿಂಟ್ ತೊಂದರೆ 90ರ ಹತ್ತಿರ ಕಾಣುತ್ತದೆ. ಈ 90ನ್ನು ನೆನಪಿಟ್ಟುಕೊಳ್ಳಿ.

ಇನ್ನು ಎಂಜಿನ್. ಹತ್ತನೇ ಗೇರಿನ ಅನುಪಾತ 0.64ರಷ್ಟು, ಶಾಫ್ಟ್ ಒಂದು ಸುತ್ತು ಸುತ್ತಿದರೆ ಎಂಜಿನ್ 0.64 ಸುತ್ತು, ಹಾಗಾಗಿ 70ರಲ್ಲಿ ಎಂಜಿನ್ 1700 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆಸುಪಾಸು, ಅಂದರೆ 28.5 ಹರ್ಟ್ಸ್. ನನ್ನದು ಎಂಟು ಸಿಲಿಂಡರಿನ ವಿ8, ಅದರಲ್ಲಿ ಒಂದು ಸುತ್ತಿಗೆ ನಾಲ್ಕು ಸಿಲಿಂಡರ್ ಉರಿಯುತ್ತವೆ, ಅದು 114 ಹರ್ಟ್ಸ್. ಪೆಟ್ರೋಲ್ ಉಳಿಸಲು ನಾಲ್ಕು ಸಿಲಿಂಡರ್ ಉರಿಯದಂತೆ ನಿಲ್ಲಿಸಿಕೊಂಡು ಓಡುವಾಗ ಅದರರ್ಧ, 57.

ಸಂಖ್ಯೆ ನೋಡುವ ಮೊದಲೇ ಕೈಗೆ ಕಾಲಿಗೆ ಸ್ವಲ್ಪ ಗೊತ್ತಾಗುತ್ತದೆ. 12 ಹರ್ಟ್ಸ್ ಅಂದರೆ ಮೈ ಅಲುಗುವ ನಡುಕ, ಕಾಫಿ ತುಳುಕುತ್ತದೆ. 45 ಅಂದರೆ ಪಾದಕ್ಕೆ ಜುಮ್ಮೆನ್ನುವುದು, ಕನ್ನಡಿ ಮಸುಕಾಗುವುದು. 90 ದಾಟಿದರೆ ಅದು ಕಿವಿಗೆ ಗುಂಯ್ ಅಂತ ಕೇಳುತ್ತದೆ. ಸ್ಟೇರಿಂಗ್ ನಡುಗಿದರೆ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು ಅಂತ ಎಲ್ಲ ಕಡೆ ಹೇಳುತ್ತಾರೆ. ಬಹುತೇಕ ಸಲ ನಿಜ, ಆದರೆ ಪಿಕಪ್‌ನ ಚಾಸಿಸ್ ಉದ್ದದ ಏಣಿ ಇದ್ದ ಹಾಗೆ, ಒಂದು ತುದಿಯ ಅದುರು ಇನ್ನೊಂದು ತುದಿಗೆ ಹೋಗಿ ಕಾಣಿಸಿಕೊಳ್ಳಬಹುದು. ಅದನ್ನೇ ನಂಬಿ ದುಡ್ಡು ಖರ್ಚು ಮಾಡಬೇಡಿ.

ರಸ್ತೆಯ ಮೇಲಿನ ಪರೀಕ್ಷೆ

ಮೊದಲು ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ನೋಡಿ ಗಾಳಿ ಸರಿ ಮಾಡಿ. ಹೊಸ ಗಾಡಿ ಸಾಗಿಸುವಾಗ ಟೈರಿಗೆ ಜಾಸ್ತಿ ಗಾಳಿ ತುಂಬಿರುತ್ತಾರೆ, ಕೆಲವು ಸಲ ಅದನ್ನು ಇಳಿಸಲು ಮರೆಯುತ್ತಾರೆ. ತಿಂಗಳುಗಟ್ಟಲೆ ಯಾರ್ಡಿನಲ್ಲಿ ನಿಂತ ಗಾಡಿಯ ಟೈರ್ ತಳ ಚಪ್ಪಟೆಯಾಗಿರುವುದೂ ಉಂಟು. ಅದಕ್ಕೇ ಅರ್ಧ ಗಂಟೆ ಓಡಿಸಿ ಟೈರ್ ಬಿಸಿಯಾದ ಮೇಲೆಯೇ ಅಳತೆ ಶುರು ಮಾಡಬೇಕು. ಬಿಸಿಯಾದ ಮೇಲೆ ಅದುರು ಹೋದರೆ ಸರಿ, ಹೋಗದಿದ್ದರೆ ಮುಂದಿನದು.

ರಸ್ತೆಯನ್ನೂ ಅನುಮಾನಿಸಿ. ಕಾಂಕ್ರೀಟ್ ಹೆದ್ದಾರಿಯಲ್ಲಿ 15 ಅಡಿಗೊಂದು ಜೋಡಣೆ ಇದ್ದರೆ 70 ಮೈಲಿ ವೇಗದಲ್ಲಿ ಸೆಕೆಂಡಿಗೆ ಏಳು ಏಟು ಬೀಳುತ್ತವೆ, ಗಾಡಿ ಕುದುರೆ ತರಹ ಕುಣಿಯುತ್ತದೆ, ಅದು ಗಾಡಿಯ ತಪ್ಪಲ್ಲ. ಡಾಂಬರು ರಸ್ತೆಗೆ ಹೋಗಿ ನೋಡಿ.

ಆಮೇಲೆ ಗಾಡಿ ಓಡಾಡದ ನೇರ ರಸ್ತೆಯಲ್ಲಿ, ಅಳತೆಗೆ ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಅದೇ ವೇಗದಲ್ಲಿ ಗೇರ್ ಒಂದೆರಡು ಇಳಿಸಿ. ಎಂಜಿನ್ ವೇಗ ಏರಿತು, ಅದುರು ಬದಲಾಗಲಿಲ್ಲ ಅಂದರೆ ಎಂಜಿನ್ ಲೆಕ್ಕದಿಂದ ಹೊರಗೆ. ಆಕ್ಸಿಲರೇಟರ್ ಒತ್ತಿ, ಬಿಡಿ. ಟೈರಿನ ಅದುರಿಗೆ ನಿಮ್ಮ ಕಾಲು ಏನು ಮಾಡುತ್ತಿದೆ ಅನ್ನುವುದು ಅಷ್ಟಾಗಿ ಗೊತ್ತಾಗುವುದಿಲ್ಲ, ಶಾಫ್ಟ್ ಜಾಯಿಂಟಿನ ಅದುರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಈ ಒಂದು ಪರೀಕ್ಷೆಗೆ ನಾನು ಬೇಕಾದಷ್ಟು ಬೆಲೆ ಕೊಡಲಿಲ್ಲ.

ಅದುರು ಬಂದು ಹೋಗಿ ಮಾಡುತ್ತಿದೆಯಾ, ಅಂದರೆ ಹತ್ತು ಸೆಕೆಂಡು ಜೋರು, ಆಮೇಲೆ ಮಾಯ, ಮತ್ತೆ ಜೋರು? ಹಾಗಾದರೆ ಕೆಟ್ಟ ಟೈರ್ ಎರಡು ಇರಬಹುದು. ಎರಡೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿ ಸುತ್ತುತ್ತವೆ, ಪೂರ್ತಿ ಒಂದೇ ಅಲ್ಲ. ಉಬ್ಬುಗಳು ಒಟ್ಟಿಗೆ ನೆಲ ಮುಟ್ಟಿದಾಗ ಜೋರು, ಒಂದರ ಉಬ್ಬು ಮೇಲೆ ಇನ್ನೊಂದರದ್ದು ಕೆಳಗೆ ಇದ್ದಾಗ ಶಾಂತ. ತಿರುವು ದಾಟಿದ ಮೇಲೆ ಅದುರು ಬದಲಾಗುವುದೂ ಇದಕ್ಕೇ, ಹೊರಗಿನ ಚಕ್ರ ಹೆಚ್ಚು ದೂರ ಓಡಿರುತ್ತದೆ ಅಲ್ವಾ. ಮೆಕ್ಯಾನಿಕ್ ಕೂತು ಓಡಿಸಿದ ಐದು ನಿಮಿಷದಲ್ಲಿ ಗಾಡಿ ಸರಿಯಾಗಿರುವುದರ ಗುಟ್ಟೂ ಕೆಲವು ಸಲ ಇದೇ.

ಬ್ಯಾಲೆನ್ಸ್ ಆದ ಟೈರ್ ಯಾಕೆ ಅದುರುತ್ತದೆ

ಇದು ನಮ್ಮಲ್ಲಿ ಸುಮಾರು ಜನಕ್ಕೆ ತಲೆಗೆ ಹೋಗದ ಜಾಗ, ನಿಧಾನವಾಗಿ ಓದಿ. ಬ್ಯಾಲೆನ್ಸಿಂಗ್ ಯಂತ್ರ ಚಕ್ರವನ್ನು ಗಾಳಿಯಲ್ಲಿ ಸುತ್ತಿಸುತ್ತದೆ, ಭಾರ ಸಮವಾಗಿದೆಯಾ ಅಂತ ಮಾತ್ರ ನೋಡುತ್ತದೆ. 18 ಇಂಚಿನ ರಿಮ್ ಅಂಚಿನಲ್ಲಿ 30 ಗ್ರಾಂ ವ್ಯತ್ಯಾಸ ಇದ್ದರೆ 70 ಮೈಲಿ ವೇಗದಲ್ಲಿ ಅದು ಪ್ರತಿ ಸುತ್ತಿಗೂ ನಾಲ್ಕೂವರೆ ಕಿಲೋ ತೂಕದಷ್ಟು ಎಳೆಯುತ್ತದೆ. 35 ಮೈಲಿಯಲ್ಲಿ ಅದರ ಕಾಲು ಭಾಗ, ವೇಗದ ವರ್ಗದ ಲೆಕ್ಕ. ಇದನ್ನು ಸೀಸದ ತುಂಡು ಅಂಟಿಸಿ ಸರಿ ಮಾಡಬಹುದು, ಈಗ ಸತು, ಉಕ್ಕಿನ ತುಂಡುಗಳೂ ಬಂದಿವೆ.

ಆದರೆ ಟೈರ್ ಗಾಳಿಯಲ್ಲಿ ಓಡುವುದಿಲ್ಲ, ನೆಲದ ಮೇಲೆ ಗಾಡಿ ಹೊತ್ತುಕೊಂಡು ಓಡುತ್ತದೆ. ಅದರ ಒಂದು ಭಾಗ ಗಟ್ಟಿ, ಇನ್ನೊಂದು ಭಾಗ ಮೆದು ಇದ್ದರೆ, ಉದಾಹರಣೆಗೆ ಒಳಗಿನ ಪದರಗಳು ಒಂದರ ಮೇಲೊಂದು ಸೇರುವ ಕಡೆ, ತೂಕ ಸಮ ಇದ್ದರೂ ಆ ಗಟ್ಟಿ ಜಾಗ ನೆಲಕ್ಕೆ ಬಂದಾಗಲೆಲ್ಲ ಆಕ್ಸಲ್ ಮೇಲಕ್ಕೆ ತಳ್ಳಿಸಿಕೊಳ್ಳುತ್ತದೆ. ಚಪಾತಿ ಲಟ್ಟಣಿಗೆಯ ಒಂದು ಕಡೆ ಮರ ಸವೆದಿದೆ ಅಂದುಕೊಳ್ಳಿ, ತಕ್ಕಡಿಯಲ್ಲಿ ಅದು ತಿಳಿಯುವುದಿಲ್ಲ, ಲಟ್ಟಿಸುವಾಗ ತಿಳಿಯುತ್ತದೆ. ಇದನ್ನು ಅಳೆಯುವ ಯಂತ್ರ ಬೇರೆ. ರೋಡ್ ಫೋರ್ಸ್ ಬ್ಯಾಲೆನ್ಸರ್ ಅನ್ನುತ್ತಾರೆ, ದೊಡ್ಡ ರೋಲರನ್ನು ಟೈರಿಗೆ ಒತ್ತಿ ಸುತ್ತಿಸಿ ಒತ್ತಡ ಎಷ್ಟು ಏರಿಳಿಯುತ್ತದೆ ಅಂತ ಪೌಂಡಿನಲ್ಲಿ ಹೇಳುತ್ತದೆ. 20 ಪೌಂಡಿನ ಒಳಗಿದ್ದರೆ ನನಗೆ ನೆಮ್ಮದಿ, ಕೊನೆಯ ಮಾತು ಮಾತ್ರ ಗಾಡಿ ತಯಾರಕರು ಕೊಟ್ಟ ಮಿತಿ.

80ರಲ್ಲಿ ಯಾಕೆ ಕಡಿಮೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಆಕ್ಸಲ್ ಮತ್ತು ಚಕ್ರ ಸೇರಿ ಟೈರ್ ಅನ್ನುವ ಸ್ಪ್ರಿಂಗ್ ಮೇಲೆ ಕುಣಿಯುವ ಒಂದು ಸಹಜ ತಾಳ ಇದೆ, ಸಾಮಾನ್ಯವಾಗಿ 10ರಿಂದ 15 ಹರ್ಟ್ಸ್ ಒಳಗೆ. ಹೆದ್ದಾರಿ ವೇಗದಲ್ಲಿ ಟೈರಿನ ಏಟು ಸರಿಯಾಗಿ ಆ ತಾಳಕ್ಕೆ ಬೀಳುತ್ತದೆ, ಉಯ್ಯಾಲೆಯನ್ನು ಹದ ನೋಡಿ ತಳ್ಳಿದ ಹಾಗೆ. ವೇಗ ಇನ್ನೂ ಏರಿದರೆ ತಾಳ ತಪ್ಪುತ್ತದೆ.

ನನ್ನ ಗಾಡಿಯಲ್ಲಿ ಫೋನನ್ನು ಸೀಟಿನ ಕಂಬಿಗೆ ಗಟ್ಟಿಯಾಗಿ ಕಟ್ಟಿ ಅದುರು ಅಳೆಯುವ ಆ್ಯಪ್‌ನಲ್ಲಿ ನೋಡಿದೆ. ಗ್ರಾಫಿನಲ್ಲಿ 12.6 ಹರ್ಟ್ಸ್ ಜಾಗದಲ್ಲಿ ಎತ್ತರದ ಗೋಪುರ. ಆ ಚಿತ್ರ ತೋರಿಸಿ, ವೇಗ ಮತ್ತು ಹರ್ಟ್ಸ್ ಎರಡನ್ನೂ ಜಾಬ್ ಕಾರ್ಡಿನಲ್ಲಿ ಬರೆಸಿದೆ. ಸುಮ್ನೆ 'ಅದುರುತ್ತದೆ' ಅಂತ ಬರೆಸಿದರೆ 'ಓಡಿಸಿ ನೋಡಿದೆವು, ಕಾಣಲಿಲ್ಲ' ಅಂತ ವಾಪಸ್ ಬರುತ್ತದೆ. ಈ ಸಲ ಬೇರೆ ಟೈರ್ ಅಂಗಡಿಯಲ್ಲಿ ರೋಡ್ ಫೋರ್ಸ್ ಮಾಡಿಸಿದೆವು. ಹಿಂದಿನ ಎಡ ಟೈರ್ 46 ಪೌಂಡ್, ಬಲದ್ದು 31. ಬಲದ ಟೈರನ್ನು ರಿಮ್ ಮೇಲೆ ತಿರುಗಿಸಿ ಕೂರಿಸಿದರು. ಟೈರಿನ ಎತ್ತರದ ಜಾಗ ರಿಮ್ಮಿನ ತಗ್ಗಿನ ಜಾಗಕ್ಕೆ ಬಂದರೆ ಒಂದು ಇನ್ನೊಂದನ್ನು ತಿನ್ನುತ್ತದೆ, 31 ಇಳಿದು 14 ಆಯಿತು. ಎಡದ್ದು ಹೇಗೆ ತಿರುಗಿಸಿದರೂ ಬಗ್ಗಲಿಲ್ಲ, ಬದಲಾಯಿಸಿದರು. ಕಾಫಿ ನಿಂತಿತು.

ಫೋನ್ ನನಗೆ ಹೇಳಿದ ಸುಳ್ಳು

ಕಾಫಿ ನಿಂತರೂ ಏನೋ ಉಳಿದಿತ್ತು. ಸೀಟಿನಲ್ಲಿ ಸಣ್ಣಗೆ ಜುಂ ಅನ್ನುವುದು, ಕಿವಿಯಲ್ಲಿ ಗುಂಯ್. 68 ಮೈಲಿಗೆ ಕ್ರೂಸ್ ಕಂಟ್ರೋಲ್ ಹಾಕಿ ಅಳೆದೆ, ಫೋನಿನಲ್ಲಿ 12.8ರ ಹತ್ತಿರ ಸಣ್ಣ ಗೋಪುರ. ಆ ವೇಗದಲ್ಲಿ ಟೈರಿನ ಲೆಕ್ಕ 12.3. ಹತ್ತಿರವೇ ಇದೆ, ಇನ್ನೊಂದು ಟೈರ್ ಕೆಟ್ಟಿದೆ ಅಂತ ಎರಡು ವಾರ ಟೈರ್ ಹಿಂದೆ ಬಿದ್ದೆ. ಮುಂದಿನದ್ದು ಹಿಂದೆ, ಹಿಂದಿನದ್ದು ಮುಂದೆ ಹಾಕಿದೆ. ಏನೂ ಬದಲಾಗಲಿಲ್ಲ. ಅಷ್ಟಕ್ಕೇ ನನಗೆ ಅರ್ಥವಾಗಬೇಕಿತ್ತು.

ಹಾಸನದಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದ ನನ್ನ ಸೋದರಮಾವನಿಗೆ ಫೋನ್ ಮಾಡಿದೆ. ಅವರಿಗೆ ಹರ್ಟ್ಸ್ ಗಿರ್ಟ್ಸ್ ಬೇಡ.

"ಕಾಲು ತೆಗುದ್ರೆ ಕಮ್ಮಿ ಆಗುತ್ತೇನೋ?"

"ಆಗುತ್ತೆ ಮಾವ, ಗುಂಯ್ ಅನ್ನೋದು ನಿಂತೇ ಹೋಗುತ್ತೆ."

"ಮತ್ತೆ ಟೈರ್ ಯಾಕೋ ಬಿಚ್ಚುತ್ತಾ ಕೂತಿದ್ದೀಯ? ಶಾಫ್ಟ್ ನೋಡು."

ಸಂಜೆ ಕ್ಲಾಸಿನ ನೋಟ್ಸ್ ತೆಗೆದು ಕೂತೆ. ನನ್ನ ಆ್ಯಪ್ ಸೆಕೆಂಡಿಗೆ 100 ಸಲ ಮಾತ್ರ ಅಳತೆ ತೆಗೆದುಕೊಳ್ಳುತ್ತಿತ್ತು. ಹಾಗೆ ಅಳೆದರೆ 50 ಹರ್ಟ್ಸ್‌ವರೆಗೆ ಮಾತ್ರ ನಂಬಬಹುದು. ಅದಕ್ಕಿಂತ ಮೇಲಿನದು ಮಡಚಿಕೊಂಡು ಕೆಳಗೆ ಬಂದು ಕೂರುತ್ತದೆ. ಸಿನಿಮಾದಲ್ಲಿ ಗಾಡಿ ಚಕ್ರ ಹಿಂದಕ್ಕೆ ಸುತ್ತಿದಂತೆ ಕಾಣುತ್ತದಲ್ಲ, ಅದೇ ಕತೆ. 68 ಮೈಲಿಯಲ್ಲಿ ಯು-ಜಾಯಿಂಟಿನ ಸೆಕೆಂಡ್ ಆರ್ಡರ್ 87.2. ಅದನ್ನು 100ರಿಂದ ಕಳೆದರೆ? 12.8. ನಾನು ಟೈರ್ ಅಂದುಕೊಂಡಿದ್ದು ಟೈರೇ ಅಲ್ಲ.

ಖಾತ್ರಿ ಮಾಡಿಕೊಳ್ಳಲು ವೇಗ ಬದಲಾಯಿಸಿದೆ. 70ಕ್ಕೆ ಏರಿಸಿದರೆ ಗೋಪುರ 10ಕ್ಕೆ ಬಂತು, 72ಕ್ಕೆ 8ರ ಹತ್ತಿರ. ಗಾಡಿ ಜೋರಾದಷ್ಟೂ ಗೋಪುರ ಕೆಳಗೆ! ನಿಜವಾದ ಟೈರ್ ಅದುರು ವೇಗದ ಜೊತೆ ಮೇಲಕ್ಕೆ ಹೋಗಬೇಕು. ಹೀಗೆ ಉಲ್ಟಾ ಓಡುವ ಗೋಪುರ ಕಂಡರೆ ಅದು ಮೇಲಿನಿಂದ ಮಡಚಿ ಬಂದ ನೆರಳು ಅಂತಲೇ ತಿಳಿಯಿರಿ. ಆಮೇಲೆ ಫೋನಿನ ಮೈಕ್ ಬಳಸಿ ಶಬ್ದದ ಪಟ್ಟಿ ತೆಗೆದೆ. ಮೈಕ್ ಸೆಕೆಂಡಿಗೆ 44,100 ಸಲ ಅಳೆಯುತ್ತದೆ, ಅಲ್ಲಿ ಈ ಮೋಸ ನಡೆಯುವುದಿಲ್ಲ. 70ರಲ್ಲಿ 90 ಹರ್ಟ್ಸ್, ಕಂಬದ ಹಾಗೆ ನಿಂತಿತ್ತು.

ಶಾಫ್ಟಿನ ಎರಡು ತುದಿಯಲ್ಲಿ ಎರಡು ಜಾಯಿಂಟ್. ಮುಂದಿನದು ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಬೇಕು, ಅದಕ್ಕೆ ಎರಡೂ ಕಡೆಯ ಕೋನ ಸಮ ಇರಬೇಕು. ಎರಡರ ವ್ಯತ್ಯಾಸ 1 ಡಿಗ್ರಿಯೊಳಗೆ, ಒಂದೊಂದೂ 3 ಡಿಗ್ರಿಯೊಳಗೆ ಇರಲಿ ಅನ್ನುವುದು ಹೆದ್ದಾರಿ ವೇಗಕ್ಕೆ ಸಾಮಾನ್ಯ ನಿಯಮ. ಕೋನ ಪೂರ್ತಿ ಸೊನ್ನೆಯೂ ಆಗಬಾರದು, ಆಗ ಜಾಯಿಂಟಿನೊಳಗಿನ ಸೂಜಿ ಬೇರಿಂಗ್ ತಿರುಗದೆ ಒಂದೇ ಜಾಗದಲ್ಲಿ ಕುಳಿ ಬೀಳುತ್ತದೆ. ಗಾಡಿ ಚಕ್ರದ ಮೇಲೇ ನಿಂತಿರುವಾಗ ಅಳೆದರೆ ನನ್ನದರಲ್ಲಿ ಮುಂದೆ 1.1, ಹಿಂದೆ 3.4. ಆಕ್ಸಿಲರೇಟರ್ ಒತ್ತಿದಾಗ ಲೀಫ್ ಸ್ಪ್ರಿಂಗ್ (ಆಕ್ಸಲನ್ನು ಹಿಡಿದಿರುವ ಪಟ್ಟಿ ಸ್ಪ್ರಿಂಗ್) ತಿರುಚಿಕೊಂಡು, ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್‌ನ ಮೂಗು ಮೇಲೆದ್ದು ಕೋನ ಇನ್ನೂ ಕೆಡುತ್ತಿತ್ತು. ಕಾಲು ತೆಗೆದರೆ ಗುಂಯ್ ನಿಲ್ಲುತ್ತಿದ್ದುದು ಅದಕ್ಕೇ.

ಆಕ್ಸಲ್ಲಿಗೂ ಲೀಫ್ ಸ್ಪ್ರಿಂಗಿಗೂ ನಡುವೆ 2 ಡಿಗ್ರಿಯ ಉಕ್ಕಿನ ಬೆಣೆ ಕೂರಿಸಿದರು, ವಾರಂಟಿಯಲ್ಲೇ. ಮಾವನಿಗೆ ಹೇಳಿದರೆ "ನಾವು ಲಾರಿಗೆ ಹಾಕ್ತಿದ್ದ ಬೆಣೆನೇ ತಾನೆ" ಎಂದರು, ಅಷ್ಟೇ.

ಊರಿನಲ್ಲಿ ಕಲಿಯುತ್ತಿರುವವರಿಗೆ ಒಂದು ಲೆಕ್ಕ. ಬಿಡದಿಯಲ್ಲಿ ತಯಾರಾಗುವ ಹೈಲಕ್ಸ್ ತರಹದ ಪಿಕಪ್‌ಗೆ 265/60 ಆರ್ 18 ಟೈರ್ ಇದೆ ಅಂದುಕೊಳ್ಳಿ, ವೇಗ 100 ಕಿಲೋಮೀಟರ್. ಟೈರಿನ ಹೊರ ಅಳತೆ 775 ಮಿಲಿಮೀಟರ್, ಸುತ್ತಳತೆ 2.43 ಮೀಟರ್, ಸೆಕೆಂಡಿಗೆ 27.8 ಮೀಟರ್ ಓಟ. ಭಾಗಿಸಿ, ಭಾರಕ್ಕೆ ಟೈರ್ ಕುಗ್ಗುವುದರಿಂದ ನೂರಕ್ಕೆ ಮೂರರಷ್ಟು ಸೇರಿಸಿ. 11.8ರ ಹತ್ತಿರ ಬಂದರೆ ಸರಿ. ಶಾಫ್ಟಿನದ್ದನ್ನು ನಿಮ್ಮ ಗಾಡಿಯ ಆಕ್ಸಲ್ ಅನುಪಾತ ನೋಡಿ ನೀವೇ ಮಾಡಿ.

ನನ್ನ ಗಾಡಿಯಲ್ಲಿ ಈಗ ಉಳಿದಿರುವುದು 57 ಹರ್ಟ್ಸ್ ಒಂದೇ. ಇಳಿಜಾರಿನಲ್ಲಿ ನಾಲ್ಕು ಸಿಲಿಂಡರ್ ಆರಿದಾಗ ಬರುತ್ತದೆ, ಗೇರ್ ಇಳಿಸಿ ಎಂಟೂ ಉರಿದರೆ ಹೋಗುತ್ತದೆ. ಅದನ್ನು ರಿಪೇರಿಗೆ ಬರೆಸಿಲ್ಲ.